ಎಂಟನೇ ‘ಬಿ’ಯ ಕೊನೆಯ ಬೆಂಚು

ಕರಾವಳಿಯವರಾದರೆ ನಿಮಗೆ 2024ರ ಜುಲೈ ನೆನಪಿರಬಹುದು. ಮಳೆ ಬಿಟ್ಟದ್ದೇ ಇಲ್ಲ. ರಾತ್ರಿ ಊಟ ಆದ ಮೇಲೆ ಮಕ್ಕಳು ‘ನಾಳೆ ರಜೆಯಾ?’ ಅಂತ ಅಪ್ಪ ಅಮ್ಮನ ವಾಟ್ಸಾಪ್ ಇಣುಕುವುದು, ಜಿಲ್ಲಾಧಿಕಾರಿಗಳ ಆದೇಶ ಬಂದ ಕೂಡಲೇ ಕುಣಿಯುವುದು. ಮಕ್ಕಳು ಮಾತ್ರ ಅಂದುಕೊಳ್ಳಬೇಡಿ. ನಾನು ಕಾಪು ಕಡೆಯ ಒಂದು ಶಾಲೆಯ ಪ್ರಿನ್ಸಿಪಾಲ್. ನಾನೂ ಇಣುಕುತ್ತಿದ್ದೆ.

ರಜೆ ಸಿಗದ ಒಂದು ದಿನ ಮೂವರು ಟೀಚರುಗಳು ಒಟ್ಟಿಗೆ ರಜೆ. ಒಬ್ಬರಿಗೆ ಜ್ವರ, ಒಬ್ಬರ ಮನೆ ದಾರಿಯಲ್ಲಿ ನೀರು, ಇನ್ನೊಬ್ಬರದ್ದು ಏನು ಅಂತ ಈಗ ಮರೆತಿದೆ. ಸಬ್‌ಸ್ಟಿಟ್ಯೂಷನ್ ಪಟ್ಟಿಯಲ್ಲಿ ಎಂಟನೇ ‘ಬಿ’ಗೆ ಹಾಕಲಿಕ್ಕೆ ಜನ ಇಲ್ಲ. ಸರಿ, ನಾನೇ ಹೋಗ್ತೇನೆ ಅಂದೆ. ಪ್ರಿನ್ಸಿಪಾಲ್ ಆಗಿ ಎರಡು ವರ್ಷ ಕಳೆದಿತ್ತು. ಹತ್ತನೇ ಕ್ಲಾಸಿಗೆ ಇಂಗ್ಲಿಷ್ ತೆಗೆದುಕೊಳ್ಳುವುದು ಬಿಟ್ಟರೆ ಬೇರೆ ಯಾವ ಕ್ಲಾಸಿನ ಒಳಗೂ ನಾನು ಐದು ನಿಮಿಷಕ್ಕಿಂತ ಹೆಚ್ಚು ನಿಂತವಳಲ್ಲ.

ಎಂಟನೇ ‘ಬಿ’ ಇರುವುದು ಟೆರೇಸಿನ ಮೇಲೆ. ಮಕ್ಕಳ ಸಂಖ್ಯೆ ಜಾಸ್ತಿಯಾದಾಗ ಮೇಲೆ ಗೋಡೆ ಕಟ್ಟಿ, ಶೀಟ್ ಹಾಕಿ ಎರಡು ರೂಮು ಮಾಡಿದ್ದರು. ನಮ್ಮೂರಲ್ಲಿ ಅರ್ಧಕ್ಕರ್ಧ ಮನೆಗಳ ಟೆರೇಸಿನ ಮೇಲೆ ಇರುವಂಥದ್ದೇ ಶೀಟು. ಪೇಂಟ್ ಚೆನ್ನಾಗಿದೆ, ಫ್ಯಾನ್ ಇದೆ, ಕಿಟಕಿಯಿಂದ ತೆಂಗಿನ ತೋಟ ಕಾಣುತ್ತದೆ. ಅಡ್ಮಿಷನ್‌ಗೆ ಬಂದ ಪೋಷಕರಿಗೆ ಏಪ್ರಿಲ್‌ನಲ್ಲಿ ತೋರಿಸಿದರೆ ಖುಷಿಪಡುವಂಥ ರೂಮು.

ನಾನು ಒಳಗೆ ಹೋಗಿ ‘ಗುಡ್ ಮಾರ್ನಿಂಗ್’ ಹೇಳುವಾಗ ಮಳೆ ಸುರಿಯಲು ಶುರುವಾಯಿತು. ಮಕ್ಕಳ ಬಾಯಿ ಅಲ್ಲಾಡುವುದು ಕಂಡಿತು, ಸ್ವರ ಕೇಳಲಿಲ್ಲ. ಪಾಠ ಶುರು ಮಾಡಿದೆ. ಎರಡನೇ ಬೆಂಚಿನ ಹುಡುಗಿ ಕಿವಿಗೆ ಕೈ ಹಿಡಿದಳು. ಸ್ವರ ಏರಿಸಿದೆ. ನಾಲ್ಕನೇ ಬೆಂಚಿನವರು ಅವರವರ ಮಾತಿನಲ್ಲಿದ್ದರು, ನನಗೆ ಅದೂ ಕೇಳುತ್ತಿರಲಿಲ್ಲ. ಐದು ನಿಮಿಷದಲ್ಲಿ ಗಂಟಲು ಹಿಡಿಯಿತು. ಏನು ಮಾಡುವುದು? ಚಾಕ್ ತೆಗೆದುಕೊಂಡೆ, ಬೋರ್ಡಿನ ಕಡೆ ತಿರುಗಿದೆ, ಬರೆಯಲು ಶುರು ಮಾಡಿದೆ. ಮಕ್ಕಳು ಯಾರೂ ಹೇಳದೆಯೇ ನೋಟ್ಸ್ ಪುಸ್ತಕ ತೆರೆದು ಕಾಪಿ ಮಾಡತೊಡಗಿದರು. ಅವರಿಗೆ ಅಭ್ಯಾಸವಿತ್ತು.

ಅರ್ಧ ಬೋರ್ಡ್ ತುಂಬುವಷ್ಟರಲ್ಲಿ ನನ್ನ ಕೈ ನಿಂತಿತು.

ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಇದೇ ರೂಮಿನ ಗಣಿತ ಟೀಚರಿಗೆ ನಾನೊಂದು ಮೆಮೋ ಕೊಟ್ಟಿದ್ದೆ. ‘ತರಗತಿಯಲ್ಲಿ ಸೂಕ್ತ ವಿವರಣೆ ನೀಡದೆ ಬೋರ್ಡಿನ ಮೇಲೆ ಬರೆದು ನಕಲು ಮಾಡಿಸುತ್ತಿರುವುದು ಗಮನಕ್ಕೆ ಬಂದಿದೆ. ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.’ ಭಾಷೆ ನನ್ನದೇ. ಗಮನಕ್ಕೆ ಬಂದಿದೆಯಂತೆ! ಯಾರ ಗಮನಕ್ಕೆ? ಪೇರೆಂಟ್ಸ್ ಮೀಟಿಂಗಿನಲ್ಲಿ ಮೂರ್ನಾಲ್ಕು ತಾಯಂದಿರು ‘ಮಿಸ್ಸು ಎಂತದೂ ಹೇಳಿಕೊಡುದಿಲ್ಲ ಮೇಡಂ, ಬರೀ ಬರೆಸುದು’ ಅಂದಿದ್ದರು. ಮಕ್ಕಳ ನೋಟ್ಸ್ ತರಿಸಿ ನೋಡಿದೆ, ಪುಟಗಟ್ಟಲೆ ಕಾಪಿ. ಸಾಕ್ಷಿ ಸಿಕ್ಕಿತು ಅಂದುಕೊಂಡೆ. ಮೇಲೆ ಹತ್ತಿ ಹೋಗಿ ನೋಡಬೇಕು ಅಂತ ಹೊಳೆಯಲೇ ಇಲ್ಲ.

ಆ ಟೀಚರಿಗೆ ಇಪ್ಪತ್ತಾರು ವರ್ಷ. ಮೊದಲ ಕೆಲಸ. ಕಾರ್ಕಳ ಕಡೆಯ ಊರಿನಿಂದ ಬೆಳಿಗ್ಗೆ ಬಸ್ ಹತ್ತಿ ಬೆಳ್ಮಣ್, ಶಿರ್ವ ದಾಟಿ ಬರುತ್ತಿದ್ದರು. ಮೆಮೋಗೆ ಒಂದೇ ಸಾಲಿನ ಉತ್ತರ ಕೊಟ್ಟರು: ‘ಇನ್ನು ಮುಂದೆ ಸರಿಪಡಿಸಿಕೊಳ್ಳುತ್ತೇನೆ.’ ಮಾರ್ಚ್ ಮುಗಿದಾಗ ಕಾಂಟ್ರ್ಯಾಕ್ಟ್ ಮುಂದುವರಿಸುವ ಪ್ರಶ್ನೆ ಬಂತು. ಸಂಚಾಲಕರು ಫೈಲ್ ತೆರೆದರು, ಮೆಮೋ ಮೇಲೆಯೇ ಇತ್ತು. ‘ಬೇರೆಯವರನ್ನು ನೋಡುವನಾ?’ ಅಂದರು. ನಾನು ಇಲ್ಲ ಅನ್ನಲಿಲ್ಲ.

ಮೇ 9ಕ್ಕೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತು. ಶೇಕಡ 94ರೊಂದಿಗೆ ಉಡುಪಿ ರಾಜ್ಯಕ್ಕೇ ಮೊದಲು. ನಮ್ಮ ಶಾಲೆಯದ್ದೂ ಚೆನ್ನಾಗಿತ್ತು. ಫ್ಲೆಕ್ಸ್ ಹಾಕಿದೆವು, ಲಡ್ಡು ಹಂಚಿದೆವು. ನಾನು ಒಳ್ಳೆ ಪ್ರಿನ್ಸಿಪಾಲ್ ಅಂತ ನನಗೆ ಪೂರ್ತಿ ನಂಬಿಕೆ ಬಂದದ್ದು ಆ ತಿಂಗಳು. ಅದೂ ಉಳಿದದ್ದು ಎರಡೇ ತಿಂಗಳು.

ಆ ಮಳೆಯ ದಿನ ಸಂಜೆ ಅವರಿಗೆ ಫೋನ್ ಮಾಡಿದೆ. ಕಾರ್ಕಳದ ಹತ್ತಿರವೇ ಇನ್ನೊಂದು ಶಾಲೆಗೆ ಸೇರಿದ್ದರು. ಮಳೆ, ಶೀಟು, ಬೋರ್ಡು, ಎಲ್ಲ ಹೇಳಿದೆ. ‘ನೀವು ಆವಾಗಲೇ ಯಾಕೆ ಹೇಳಲಿಲ್ಲ?’ ಅಂತಲೂ ಕೇಳಿಬಿಟ್ಟೆ. ತಪ್ಪು ಮಾಡಿದವಳು ಕೇಳುವ ಪ್ರಶ್ನೆಯಲ್ಲ ಅದು.

‘ಹೇಳಿದ್ರೆ ನೆಪ ಹೇಳ್ತಾಳೆ ಅಂತ ಆಗ್ತಿತ್ತು ಮೇಡಂ,’ ಅಂದರು. ಸಿಟ್ಟಿನ ಸ್ವರ ಅಲ್ಲ. ‘ಒಂದು ಸಲ ಮೇಲೆ ಬಂದಿದ್ರೆ ನಿಮಗೇ ಗೊತ್ತಾಗ್ತಿತ್ತಲ್ಲ.’

ನನ್ನ ಚೇಂಬರಿನಿಂದ ಎಂಟನೇ ‘ಬಿ’ಗೆ ನಲವತ್ತೊಂದು ಮೆಟ್ಟಿಲು. ಆಮೇಲೆ ಎಣಿಸಿದ್ದು.

ಈ ಎರಡು ವರ್ಷ ನಾನು ಮಾಡುತ್ತಿದ್ದದ್ದಾದರೂ ಏನು? ಕೆಲಸ ಕಮ್ಮಿ ಇರಲಿಲ್ಲ. ನೀವು ಆಫೀಸಿನಲ್ಲಿ ಟೀಮ್ ಲೀಡ್ ಆದ ಮೊದಲ ವರ್ಷ ನೆನಪಿಸಿಕೊಳ್ಳಿ. ಯಾವುದನ್ನು ಚೆನ್ನಾಗಿ ಮಾಡುತ್ತಿದ್ದಿರೋ ಅದನ್ನು ಬಿಟ್ಟು ಉಳಿದದ್ದೆಲ್ಲ ಮಾಡಬೇಕಾಗುತ್ತದೆ. ನನ್ನದೂ ಅದೇ ಕಥೆ. ಎಸ್‌ಎಟಿಎಸ್‌ಗೆ ಮಕ್ಕಳ ವಿವರ, ಯುಡೈಸ್‌ಗೆ ಶಾಲೆಯ ವಿವರ, ಸ್ಕೂಲ್ ಬಸ್ಸಿನ ಎಫ್‌ಸಿ, ಫೀಸು ಬಾಕಿ, ಕ್ರೀಡಾಕೂಟ, ಊರಿನ ಗಣ್ಯರ ಆಮಂತ್ರಣ. ವಾರಕ್ಕೊಮ್ಮೆ ಟೀಚರುಗಳ ಪಾಠ ಯೋಜನೆಯ ಪುಸ್ತಕ ಮೇಜಿಗೆ ಬರುತ್ತಿತ್ತು. ಹಸಿರು ಶಾಯಿಯಲ್ಲಿ ಸಹಿ, ‘ಗುಡ್’. ಒಂದು ಪುಸ್ತಕಕ್ಕೆ ಅರ್ಧ ನಿಮಿಷ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಟೀಚರುಗಳಿಗೂ ಮುಖ್ಯಸ್ಥರಿಗೂ ವರ್ಷಕ್ಕೆ 50 ಗಂಟೆಯ ವೃತ್ತಿ ತರಬೇತಿ ಅಂತ ಉಂಟು. ಅದನ್ನೂ ಆನ್‌ಲೈನ್‌ನಲ್ಲಿ ಮುಗಿಸಿ ಸರ್ಟಿಫಿಕೇಟ್ ಪ್ರಿಂಟ್ ಹಾಕಿಸಿದ್ದೆ. ನಾಯಕತ್ವದ ಬಗ್ಗೆ ಮೂರು ಮಾಡ್ಯೂಲ್ ಕೇಳಿದ ನನಗೆ ನನ್ನದೇ ಶಾಲೆಯ ಒಂದು ರೂಮಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತು ಕೇಳುವುದಿಲ್ಲ ಅಂತ ಗೊತ್ತಿರಲಿಲ್ಲ.

ನಮ್ಮ ಬಾಡಿಗೆ ಮನೆ ಮಣಿಪಾಲದಲ್ಲಿ. ನನ್ನ ತಂಗಿ ಅಲ್ಲಿನ ಆಸ್ಪತ್ರೆಯಲ್ಲಿ ಪಿಜಿ ಮಾಡುತ್ತಿದ್ದಾಳೆ. ಭಾನುವಾರ ಮಳೆ ಸ್ವಲ್ಪ ಬಿಟ್ಟಾಗ ಇಬ್ಬರೂ ಎಂಡ್ ಪಾಯಿಂಟ್‌ಗೆ ನಡೆದು ಹೋದೆವು. ಕೆಳಗೆ ಸ್ವರ್ಣಾ ನದಿ ಕೆಂಪಗೆ ತುಂಬಿ ಹೋಗುತ್ತಿತ್ತು. ಅವಳಿಗೆ ಎಲ್ಲ ಹೇಳಿಕೊಂಡೆ.

‘ಅಕ್ಕ, ನಿಮ್ಮಲ್ಲಿ ರೌಂಡ್ಸ್ ಇಲ್ವಾ?’ ಅಂದಳು.

‘ಉಂಟಲ್ಲ, ವರ್ಷಕ್ಕೊಮ್ಮೆ ಕ್ಲಾಸ್ ಇನ್‌ಸ್ಪೆಕ್ಷನ್.’

ನಗಾಡಿದಳು. ‘ವರ್ಷಕ್ಕೊಮ್ಮೆ ರೌಂಡ್ಸ್ ಮಾಡಿದ್ರೆ ಪೇಷಂಟ್ ಇರ್ತಾನಾ? ನಮ್ಮ ಚೀಫ್ ದಿನಾ ಬರ್ತಾರೆ. ನಮ್ಮ ತಪ್ಪು ಹಿಡೀಲಿಕ್ಕೆ ಅಲ್ಲ ಮಾರಾಯ್ತಿ. ಅಂದ್ರೆ, ತಪ್ಪು ಹಿಡೀತಾರೆ, ಅದು ಬೇರೆ. ಆದ್ರೆ ಬೆಡ್ ಹತ್ರ ನಿಂತು ನೋಡದಿದ್ರೆ ಅವರಿಗೇ ಕೇಸ್ ಗೊತ್ತಾಗುದಿಲ್ಲ. ಫೈಲ್ ನೋಡಿ ಹೇಳ್ಲಿಕ್ಕೆ ಆಗುದಿಲ್ಲ.’

ಸೋಮವಾರವೇ ಶುರು ಮಾಡಿದೆ, ಮತ್ತು ಪೂರ್ತಿ ಕೆಡಿಸಿದೆ. ಕೈಯಲ್ಲಿ ರಿಜಿಸ್ಟರ್, ಪೆನ್ನು, ಹತ್ತು ಅಂಶಗಳ ಫಾರ್ಮ್. ನಾನು ಕಾರಿಡಾರಿನಲ್ಲಿ ಕಾಲಿಟ್ಟರೆ ಸಾಕು, ಮುಂದಿನ ಮೂರು ಕ್ಲಾಸಿಗೆ ಸುದ್ದಿ ಮುಟ್ಟುತ್ತಿತ್ತು. ಸ್ಟಾಫ್ ರೂಮಿನಲ್ಲಿ ‘ಇನ್‌ಸ್ಪೆಕ್ಷನ್ ಶುರುವಾಯ್ತು ಮಾರಾಯ್ರೆ, ಈ ಸಲ ಯಾರ ವಿಕೆಟೋ’ ಅಂತ ಮಾತು. ಹಿಂದಿನ ವರ್ಷದ ಮೆಮೋ ಎಲ್ಲರಿಗೂ ನೆನಪಿತ್ತು. ಒಂದು ಕ್ಲಾಸಿನಲ್ಲಂತೂ ಕೇಳಿದ ಪ್ರತಿ ಪ್ರಶ್ನೆಗೆ ಎಲ್ಲ ಮಕ್ಕಳೂ ಕೈ ಎತ್ತಿದರು. ಎಷ್ಟು ಚುರುಕು ಅಂತ ಫಾರ್ಮಿನಲ್ಲಿ ಟಿಕ್ ಹಾಕಿದೆ. ಉತ್ತರ ಗೊತ್ತಿದ್ದರೆ ಬಲಗೈ, ಗೊತ್ತಿಲ್ಲದಿದ್ದರೆ ಎಡಗೈ ಎತ್ತಬೇಕು ಅಂತ ಮೊದಲೇ ಒಪ್ಪಂದ ಆಗಿತ್ತಂತೆ. ತಿಂಗಳ ನಂತರ ಒಬ್ಬ ಹುಡುಗನೇ ಬಾಯಿಬಿಟ್ಟ.

ಆಗಸ್ಟಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಕಾರ್ಕಳಕ್ಕೆ ಹೋದೆ. ನಾನು ಕಲಿಸಲು ಶುರು ಮಾಡಿದ ಮೊದಲ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿದ್ದ ಸರ್ ಅಲ್ಲಿದ್ದಾರೆ, ಆನೆಕೆರೆಯ ಹತ್ತಿರ ಮನೆ. ನಿವೃತ್ತರಾಗಿ ಹತ್ತು ವರ್ಷದ ಮೇಲಾಯಿತು. ಅವರು ನಮ್ಮ ಕ್ಲಾಸಿಗೆ ಬರುತ್ತಿದ್ದ ರೀತಿ ನನಗೆ ಆಗ ವಿಚಿತ್ರ ಅನಿಸುತ್ತಿತ್ತು. ಹಿಂದಿನ ಬಾಗಿಲಿನಿಂದ ಬರುವುದು, ಮಕ್ಕಳ ಪಕ್ಕ ಕೂರುವುದು, ಹತ್ತು ನಿಮಿಷ ಕಳೆದು ಎದ್ದು ಹೋಗುವುದು. ಮಧ್ಯಾಹ್ನ ಬುತ್ತಿ ತೆರೆದಾಗ ಒಂದು ಮಾತು ಕೇಳುವುದು. ‘ಆ ಮೂಲೆಯ ಹುಡುಗ ಭಿನ್ನರಾಶಿಯಲ್ಲಿ ಕೆಳಗಿನದ್ದನ್ನೂ ಕೂಡಿಸ್ತಿದ್ದ. ನಿಮಗೆ ಕಂಡಿತಾ?’ ಅಷ್ಟೇ. ಕಂಡಿರುತ್ತಿರಲಿಲ್ಲ.

ಸರ್ ಅವಲಕ್ಕಿ, ಚಹಾ ಕೊಟ್ಟು ನನ್ನ ಫಾರ್ಮ್ ಓದಿದರು. ‘ಇದರಲ್ಲಿ ಮಕ್ಕಳು ಎಲ್ಲಿದ್ದಾರೆ ಮಾರಾಯ್ತಿ?’ ಅಂದರು. ಹತ್ತೂ ಅಂಶ ಟೀಚರ ಬಗ್ಗೆ ಇದ್ದವು. ಧ್ವನಿ, ಕಪ್ಪು ಹಲಗೆ ಬಳಕೆ, ಸಮಯ ಪಾಲನೆ. ‘ನೀವು ಟೀಚರನ್ನು ನೋಡ್ಲಿಕ್ಕೆ ಕೂತ್ರೆ ಟೀಚರ್ ನಿಮ್ಮನ್ನು ನೋಡ್ತಾರೆ. ಮಕ್ಕಳನ್ನು ಯಾರೂ ನೋಡುದಿಲ್ಲ. ಪೆನ್ನು ಒಳಗಿಡಿ. ಹಿಂದೆ ಕೂತ್ಕೊಳ್ಳಿ.’

ಹಾಗೆಯೇ ಮಾತು ಪಂಜೆ ಮಂಗೇಶರಾಯರ ಕಡೆ ಹೋಯಿತು. ಪಂಜೆಯವರೆಂದರೆ ನಮಗೆಲ್ಲ ಮಕ್ಕಳ ಪದ್ಯ, ಹಾವು, ತೆಂಕಣ ಗಾಳಿ ನೆನಪಾಗುತ್ತವೆ. ಆದರೆ ಅವರ ಹೊಟ್ಟೆಪಾಡಿನ ಕೆಲಸ ಶಾಲೆಗಳ ಇನ್‌ಸ್ಪೆಕ್ಟರಿಕೆ, ಆಮೇಲೆ ಮಡಿಕೇರಿಯಲ್ಲಿ ಹೆಡ್‌ಮಾಸ್ಟರಿಕೆ. ಇದೇ ದಕ್ಷಿಣ ಕನ್ನಡದ ಶಾಲೆಗಳಿಗೆ ಹೋಗಿ ಕೂರುವುದೇ ಅವರ ಉದ್ಯೋಗವಾಗಿತ್ತು. ‘ಅಷ್ಟು ಕ್ಲಾಸು ನೋಡಿದವರಿಗೆ ಮಕ್ಕಳ ನಾಲಿಗೆಗೆ ಯಾವ ಶಬ್ದ ಹೊರಳ್ತದೆ ಅಂತ ಗೊತ್ತಾಗದೆ ಇರ್ತದಾ?’ ಅಂದರು ಸರ್. ಅದು ಅವರ ಊಹೆ, ನನಗೂ ಇಷ್ಟವಾದ ಊಹೆ. ಇನ್‌ಸ್ಪೆಕ್ಟರ್ ಬಂದು ಹೋದದ್ದರಿಂದ ಶಾಲೆಗೆ ಏನಾಯಿತು ಅಂತಷ್ಟೇ ನಾವು ಕೇಳುತ್ತೇವೆ. ಬಂದು ಹೋದವರಿಗೆ ಏನಾಯಿತು ಅಂತ ಕೇಳುವುದಿಲ್ಲ.

ಹೊರಡುವಾಗ ಸರ್ ಇನ್ನೊಂದು ಹೇಳಿದರು. ‘ಮೊದಲು ನಿಮ್ಮ ಕ್ಲಾಸಿಗೆ ಅವರನ್ನು ಕರೀರಿ. ನೀವು ಕಲಿಸುದನ್ನು ಅವರು ನೋಡ್ಲಿ.’

ಇದು ಸುಲಭ ಅಂದುಕೊಂಡಿದ್ದೆ. ನನ್ನ ಇಂಗ್ಲಿಷ್ ಕ್ಲಾಸು ಅಂದರೆ ಶಾಲೆಯಲ್ಲಿ ಹೆಸರಿತ್ತು. ಸ್ಟಾಫ್ ಮೀಟಿಂಗಿನಲ್ಲಿ ‘ಯಾರು ಬೇಕಾದರೂ ಬನ್ನಿ’ ಅಂದೆ. ಎರಡು ವಾರ ಯಾರೂ ಬರಲಿಲ್ಲ. ಮೂರನೇ ವಾರ ಕನ್ನಡ ಟೀಚರ್ ಬಂದರು. ನಿವೃತ್ತಿಗೆ ನಾಲ್ಕು ವರ್ಷ ಇರುವವರು, ಯಾರಿಗೂ ಹೆದರುವವರಲ್ಲ. ಕ್ಲಾಸು ಮುಗಿದ ಮೇಲೆ ಮೆಟ್ಟಿಲಿಳಿಯುವಾಗ ಕೇಳಿದೆ, ‘ಹೇಗಿತ್ತು?’

‘ಚೆನ್ನಾಗಿತ್ತು ಮೇಡಂ. ಒಂದು ಮಾತು ಹೇಳ್ಲಾ? ನೀವು ಪ್ರಶ್ನೆ ಕೇಳ್ತೀರಿ. ಉತ್ತರಕ್ಕೆ ನಿಲ್ಲುದೇ ಇಲ್ಲ. ಹನ್ನೊಂದು ಪ್ರಶ್ನೆ ಲೆಕ್ಕ ಹಾಕಿದೆ. ಎಂಟಕ್ಕೆ ಉತ್ತರ ನೀವೇ ಹೇಳಿದ್ರಿ.’

ಮುಖ ಬಿಸಿಯಾಯಿತು. ಅಲ್ಲ ಅಂತ ವಾದ ಮಾಡಲಿಕ್ಕೆ ಬಾಯಿ ತೆರೆದೆ, ಸುಮ್ಮನಾದೆ. ಮರುದಿನ ಫೋನಿನಲ್ಲಿ ನನ್ನದೇ ಪಾಠ ರೆಕಾರ್ಡ್ ಮಾಡಿ ರಾತ್ರಿ ಕೇಳಿದೆ. ಹೌದು. ಪ್ರಶ್ನೆ ಮುಗಿಯುವುದಕ್ಕೂ ನಾನು ಬಾಯಿ ಹಾಕುವುದಕ್ಕೂ ನಡುವೆ ಒಂದು ಉಸಿರು ಕೂಡ ಇಲ್ಲ.

ಆಮೇಲೆ ಹುಡುಕಿದರೆ ಇದು ನನ್ನೊಬ್ಬಳ ಕಾಯಿಲೆ ಅಲ್ಲ ಅಂತ ತಿಳಿಯಿತು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿಯೇ ಕ್ಲಾಸುಗಳ ಟೇಪ್ ಕೇಳಿ ಇದನ್ನು ಅಳೆದಿದ್ದರು. ಪ್ರಶ್ನೆ ಕೇಳಿ ಟೀಚರುಗಳು ಕಾಯುವುದು ಸರಾಸರಿ ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ತೆರೆಯುತ್ತಾರೆ. ಮೂರು ಸೆಕೆಂಡ್ ಏನು ಮಹಾ ಅಂತ ನಿಮಗನಿಸಬಹುದು. ನಾಳೆ ಮೀಟಿಂಗಿನಲ್ಲಿ ‘ಎನಿ ಕ್ವೆಶ್ಚನ್ಸ್?’ ಅಂತ ಕೇಳಿ ಮನಸ್ಸಿನಲ್ಲೇ ಮೂರು ಎಣಿಸಿ ನೋಡಿ. ಬೆವರು ಬರುತ್ತದೆ.

ಮೀಟಿಂಗ್ ಅಂದಾಗ ನೆನಪಾಯಿತು. ಪ್ರತಿ ಸ್ಟಾಫ್ ಮೀಟಿಂಗಿನ ಕೊನೆಯಲ್ಲಿ ನಾನು ‘ಯಾರಿಗಾದ್ರೂ ಏನಾದ್ರೂ ಹೇಳ್ಲಿಕ್ಕುಂಟಾ?’ ಅಂತ ಕೇಳುತ್ತಿದ್ದೆ. ಕೇಳುತ್ತಲೇ ಫೈಲ್ ಮುಚ್ಚುತ್ತಿದ್ದೆ. ಆ ಗಣಿತ ಟೀಚರ್ ಎರಡು ವರ್ಷ ಆ ಕೋಣೆಯಲ್ಲಿ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು.

ಕನ್ನಡ ಟೀಚರ್ ನನ್ನನ್ನು ಹಿಡಿದ ಸುದ್ದಿ ಸ್ಟಾಫ್ ರೂಮಿಗೆ ಮುಟ್ಟಿದ ಮೇಲೆ ಗಾಳಿ ಸ್ವಲ್ಪ ಬದಲಾಯಿತು. ನಾನು ರಿಜಿಸ್ಟರ್ ಬಿಟ್ಟು ಬರಿಗೈಯಲ್ಲಿ ಹೋಗತೊಡಗಿದೆ. ದಿನಕ್ಕೆ ಎರಡು ಕ್ಲಾಸು, ಹತ್ತು ಹದಿನೈದು ನಿಮಿಷ, ಕೊನೆಯ ಬೆಂಚು. ಮೊದಮೊದಲು ಮಕ್ಕಳು ತಿರುತಿರುಗಿ ನೋಡುತ್ತಿದ್ದರು. ಮೂರು ವಾರದಲ್ಲಿ ನಾನು ಕಿಟಕಿಯ ಹಾಗೆ ಆದೆ. ಅದೇ ಬೇಕಾಗಿದ್ದದ್ದು. ವರ್ಷಕ್ಕೊಮ್ಮೆ ಹೋದರೆ ನಾಟಕ ನೋಡಬಹುದು, ದಿನಾ ನಾಟಕ ಆಡಲು ಯಾರಿಗೂ ಪುರುಸೊತ್ತಿಲ್ಲ.

ಹಿಂದಿನ ಬೆಂಚಿನಿಂದ ಕಾಣುವ ಶಾಲೆಯೇ ಬೇರೆ. ಆರನೇ ಕ್ಲಾಸಿನ ವಿಜ್ಞಾನ. ಮಳೆಗಾಲದಲ್ಲಿ ಬಟ್ಟೆ ಯಾಕೆ ಬೇಗ ಒಣಗುವುದಿಲ್ಲ ಅಂತ ಟೀಚರ್ ಕೇಳಿದರು, ಇಂಗ್ಲಿಷಿನಲ್ಲಿ. ನನ್ನ ಪಕ್ಕ ಕೂತ ಹುಡುಗ ತಲೆ ಎತ್ತದೆ ಗೆಳೆಯನಿಗೆ ತುಳುವಿನಲ್ಲಿ ಪಿಸುಗುಟ್ಟಿದ, ‘ಗಾಳಿಡೇ ನೀರ್ ಉಂಡತ್ತಾ.’ ಗಾಳಿಯಲ್ಲೇ ನೀರು ಇದೆಯಲ್ಲ ಅಂತ. ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ಪುಸ್ತಕದ ವಾಕ್ಯ ಒಪ್ಪಿಸಿದಳು, ‘ವೆರಿ ಗುಡ್’ ಆಯಿತು, ಪಾಠ ಮುಂದೆ ಹೋಯಿತು. ಇಡೀ ಕ್ಲಾಸಿನಲ್ಲಿ ಯೋಚಿಸಿ ಉತ್ತರ ಹೇಳಿದವನು ಅವನೊಬ್ಬನೇ. ಕೇಳಿಸಿಕೊಂಡವಳು ನಾನೊಬ್ಬಳೇ.

ಮಧ್ಯಾಹ್ನ ಟೀಚರಿಗೆ ಹೇಳಿದೆ. ‘ಅವನಾ? ಅವನು ಬಾಯಿಯೇ ಬಿಡುದಿಲ್ಲ ಮೇಡಂ’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತುಳುವಿನಲ್ಲಿ ಹೇಳ್ಲಿಕ್ಕೆ ಹೆದರ್ತಾನೆ. ಇಂಗ್ಲಿಷ್ ಓನ್ಲಿ ಅಲ್ವಾ’ ಅಂತ ಸೇರಿಸಿದರು. ಕಾರಿಡಾರಿನಲ್ಲಿ ‘ಇಂಗ್ಲಿಷಿನಲ್ಲೇ ಮಾತಾಡಿ’ ಅಂತ ಬೋರ್ಡ್ ಇದೆ. ಕೆಳಗೆ ಪ್ರಿನ್ಸಿಪಾಲ್ ಅಂತ ಉಂಟು. ನಾನೇ ಹಾಕಿಸಿದ್ದು. ಆ ಟೀಚರ ಮನೆ ಮಾತೂ ತುಳು, ನನ್ನದೂ ತುಳು. ಬೋರ್ಡ್ ತೆಗೆಸಲು ಆಗಲಿಲ್ಲ, ಪೋಷಕರಿಗೆ ಅದು ಬೇಕು, ಸಂಚಾಲಕರಿಗೂ ಬೇಕು. ಆದರೆ ಕ್ಲಾಸಿನೊಳಗೆ ಉತ್ತರ ಮೊದಲು ಯಾವ ಭಾಷೆಯಲ್ಲಿ ಬಂದರೂ ಸರಿ, ಆಮೇಲೆ ಒಟ್ಟಿಗೆ ಇಂಗ್ಲಿಷಿಗೆ ತರುವ ಅಂತ ಮಾತಾಡಿಕೊಂಡೆವು. ಆ ಹುಡುಗ ಈಗ ಮಾತಾಡುತ್ತಾನೆ. ಸ್ವಲ್ಪ ಜಾಸ್ತಿಯೇ, ಅಂತ ಟೀಚರ ದೂರು.

ಇನ್ನೊಂದು ದಿನದ ಕಥೆ ಹೇಳಲಿಕ್ಕೆ ನಾಚಿಕೆ. ಒಂಬತ್ತನೇ ಕ್ಲಾಸಿನ ಸಮಾಜ. ಟೀಚರ್ ಪಾಠ ಚೆನ್ನಾಗಿ ಹಿಡಿದಿದ್ದರು, ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಬಾಗಿಲಲ್ಲಿ ಅಟೆಂಡರ್. ನೋಟೀಸ್ ಬುಕ್. ಟೀಚರ್ ನಿಲ್ಲಿಸಿ, ಓದಿ, ಸಹಿ ಹಾಕಿ, ಮಕ್ಕಳಿಗೆ ಹೇಳಿ, ಮತ್ತೆ ಶುರು ಮಾಡಿದರು. ಹತ್ತು ನಿಮಿಷಕ್ಕೆ ಮತ್ತೆ ಅಟೆಂಡರ್, ಬಸ್ ಫೀಸಿನ ಪಟ್ಟಿ. ಆಮೇಲೆ ಇನ್ನೊಮ್ಮೆ, ಕ್ರೀಡಾಕೂಟಕ್ಕೆ ಹೆಸರು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಮೂರು ಸಲ. ‘ಇದೆಂತ, ಯಾರು ಕಳಿಸುದು ಇದನ್ನು?’ ಅಂತ ಸಿಟ್ಟು ಬಂತು. ಮೂರರ ಕೆಳಗೂ ಹಸಿರು ಶಾಯಿ.

ಈಗ ನೋಟೀಸ್ ಬುಕ್ ದಿನಕ್ಕೊಮ್ಮೆ, ಕೊನೆಯ ಪೀರಿಯಡ್ಡಿನ ಮೊದಲ ಐದು ನಿಮಿಷ. ಇದನ್ನು ಕಲಿಯಲು ನನಗೆ ಯಾವ ಮಾಡ್ಯೂಲೂ ಬೇಕಾಗಿರಲಿಲ್ಲ.

ಎಂಟನೇ ‘ಬಿ’ಗೆ ಏನು ಮಾಡಿದಿರಿ ಅಂತ ನೀವು ಕೇಳುವ ಮೊದಲು ಹೇಳುತ್ತೇನೆ. ಕೆಳಗಿನ ಮಹಡಿಯಲ್ಲಿ ಲೈಬ್ರರಿ ಮತ್ತು ಡ್ರಾಯಿಂಗ್ ರೂಮು ಇದ್ದವು. ಅವೆರಡನ್ನು ಮೇಲಕ್ಕೆ ಹಾಕಿ ಮೇಲಿನ ಎರಡು ಕ್ಲಾಸನ್ನು ಕೆಳಕ್ಕೆ ತಂದೆವು. ಓದಲಿಕ್ಕೆ, ಚಿತ್ರ ಬಿಡಿಸಲಿಕ್ಕೆ ಮಳೆಯ ಸದ್ದು ಅಡ್ಡಿಯಿಲ್ಲ. ಒಂದು ಶನಿವಾರದ ಕೆಲಸ, ಖರ್ಚು ಅಟೆಂಡರುಗಳ ಚಹಾ ತಿಂಡಿಯದ್ದು ಮಾತ್ರ. ಇಷ್ಟು ಸುಲಭ ಇತ್ತು ಅನ್ನುವುದೇ ನನಗೆ ಹೆಚ್ಚು ಚುಚ್ಚುತ್ತದೆ.

ಹಾಗಂತ ಕ್ಲಾಸಿಗೆ ಸುಮ್ಮನೆ ಹೋಗಿ ಬಂದರೆ ಆಯಿತು ಅಂತ ಅಲ್ಲ. ಅಮೆರಿಕದ ಮಯಾಮಿ-ಡೇಡ್ ಜಿಲ್ಲೆಯಲ್ಲಿ ಸಂಶೋಧಕರು ಸುಮಾರು ನೂರು ಪ್ರಿನ್ಸಿಪಾಲರ ಹಿಂದೆ ಇಡೀ ದಿನ ತಿರುಗಿ ಅವರು ಸಮಯ ಹೇಗೆ ಕಳೆಯುತ್ತಾರೆ ಅಂತ ಬರೆದುಕೊಂಡರು. 2013ರಲ್ಲಿ ಪ್ರಕಟವಾದ ಅಧ್ಯಯನ. ಪಾಠಕ್ಕೆ ಸಂಬಂಧಿಸಿದ ಕೆಲಸಕ್ಕೆ ಅವರು ಕೊಡುತ್ತಿದ್ದದ್ದು ಸಮಯದ ಶೇ. 12.7 ಮಾತ್ರ. ಅದರಲ್ಲೂ ಎಲ್ಲಕ್ಕಿಂತ ದೊಡ್ಡ ಪಾಲು ಕ್ಲಾಸಿಗೆ ಇಣುಕಿ ಬರುವುದು. ವಿಚಿತ್ರವೆಂದರೆ ಹಾಗೆ ಇಣುಕುವುದರಲ್ಲಿ ಹೆಚ್ಚು ಸಮಯ ಕಳೆದ ಶಾಲೆಗಳಲ್ಲಿ ಮಕ್ಕಳ ಕಲಿಕೆ ಹೆಚ್ಚಿರಲಿಲ್ಲ, ಬದಲಿಗೆ ಕಮ್ಮಿ ಇತ್ತು. ಟೀಚರ ಜೊತೆ ಕೂತು ಪಾಠದ ಬಗ್ಗೆ ಮಾತಾಡಿ ತಿದ್ದಿಕೊಂಡಲ್ಲಿ ಹೆಚ್ಚಿತ್ತು. ಇದನ್ನು ಓದಿದಾಗ ನನಗೆ ಆ ಮೊದಲ ವಾರದ ರಿಜಿಸ್ಟರ್ ನೆನಪಾಯಿತು. ಜಪಾನಿನಲ್ಲಿ ‘ಜುಗ್ಯೋ ಕೆಂಕ್ಯೂ’ ಅಂತ ಒಂದು ಪದ್ಧತಿ ಉಂಟು. ಕೆಲವು ಟೀಚರುಗಳು ಸೇರಿ ಒಂದೇ ಪಾಠ ತಯಾರು ಮಾಡುತ್ತಾರೆ, ಒಬ್ಬರು ಕಲಿಸುತ್ತಾರೆ, ಉಳಿದವರು ಹಿಂದೆ ನಿಂತು ಮಕ್ಕಳನ್ನು ನೋಡುತ್ತಾರೆ, ಆಮೇಲೆ ಕೂತು ಪಾಠವನ್ನು ಹರಿದು ಹೊಲಿಯುತ್ತಾರೆ. ಪಾಠ ಎಲ್ಲರದ್ದು, ಆದ್ದರಿಂದ ತಪ್ಪೂ ಎಲ್ಲರದ್ದು. ನಮ್ಮ ಕಾರ್ಕಳದ ಸರ್ ಜಪಾನಿನ ಹೆಸರು ಕೇಳಿ ಮಾಡಿದವರಲ್ಲ, ಆದರೆ ಬುತ್ತಿ ಊಟದ ಹೊತ್ತಿಗೆ ಮಾಡುತ್ತಿದ್ದದ್ದು ಇದನ್ನೇ.

ಎಲ್ಲರೂ ಒಪ್ಪಿದ್ದಾರೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಒಬ್ಬ ಹಿರಿಯ ಮೇಷ್ಟ್ರು ಇವತ್ತಿಗೂ ನಾನು ಬಂದ ಕೂಡಲೇ ಪಾಠ ನಿಲ್ಲಿಸಿ ಟೆಸ್ಟ್ ಕೊಡುತ್ತಾರೆ. ನಾನೂ ಎದ್ದು ಬರುತ್ತೇನೆ. ಡಿಸೆಂಬರಿನಲ್ಲಿ ವಾರ್ಷಿಕೋತ್ಸವದ ಗಡಿಬಿಡಿಯಲ್ಲಿ ಮೂರು ವಾರ ಒಂದು ಕ್ಲಾಸಿಗೂ ಹೋಗಲಿಲ್ಲ. ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಅಂತ ನೆಪ. ದಿನಕ್ಕೆ ಎರಡು ಅಂತ ಹೇಳಿಕೊಂಡದ್ದು ವರ್ಷದ ಲೆಕ್ಕ ತೆಗೆದರೆ ಒಂದಕ್ಕಿಂತ ಸ್ವಲ್ಪ ಮೇಲೆ ಬರಬಹುದು. ಹೋಗದಿದ್ದ ವಾರಗಳಲ್ಲಿ ಒಂದು ಗಮನಿಸಿದೆ. ಪೋಷಕರ ದೂರು ಬಂದರೆ ನನಗೆ ಹಳೆಯ ಹಾಗೆ ಕೂಡಲೇ ಸಿಟ್ಟು ಬರುತ್ತಿತ್ತು. ಹೋಗುತ್ತಿದ್ದ ವಾರಗಳಲ್ಲಿ ‘ಹೌದಾ, ನಾನು ನಿನ್ನೆ ಆ ಕ್ಲಾಸಿನಲ್ಲಿದ್ದೆ’ ಅಂತ ಶುರು ಮಾಡಲಿಕ್ಕೆ ಆಗುತ್ತಿತ್ತು.

ಮೆಮೋ ಬಾಕಿ ಇತ್ತು. ಅದನ್ನು ಫೈಲಿನಿಂದ ಹರಿದು ಬಿಸಾಡಬಹುದಿತ್ತು, ಹಾಗೆ ಮಾಡಲು ಮನಸ್ಸಾಗಲಿಲ್ಲ. ಸಂಚಾಲಕರನ್ನು ಕೇಳಿಕೊಂಡು, ಮೆಮೋವನ್ನು ಹಿಂದಕ್ಕೆ ಪಡೆಯಲಾಗಿದೆ, ಕೊಟ್ಟದ್ದು ಪರಿಶೀಲಿಸದೆ, ತಪ್ಪು ಶಾಲೆಯದ್ದು ಅಂತ ಲೆಟರ್‌ಹೆಡ್ಡಿನಲ್ಲಿ ಬರೆದು ಸೀಲು ಹಾಕಿದೆ. ‘ಶಾಲೆಯದ್ದು’ ಹೊಡೆದು ‘ನನ್ನದು’ ಮಾಡಿ ಮತ್ತೆ ಟೈಪ್ ಮಾಡಿಸಿದೆ. ಪೋಸ್ಟಿನಲ್ಲಿ ಕಳಿಸುವುದು ಸರಿಯಲ್ಲ ಅನಿಸಿತು. 2025ರ ಜೂನಿನಲ್ಲಿ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ, ಕೊಡೆ ಹಿಡಿದು, ಶಿರ್ವದ ಮೇಲಾಗಿ ಕಾರ್ಕಳಕ್ಕೆ ಹೋದೆ. ಅವರು ದಿನಾ ಬರುತ್ತಿದ್ದ ದಾರಿಯನ್ನೇ ಉಲ್ಟಾ.

ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಸಿಕ್ಕಿದರು. ಸ್ವಲ್ಪ ತೋರವಾಗಿದ್ದರು, ಮಾತು ಜೋರಾಗಿತ್ತು. ಈಗ ಹತ್ತನೆಯವರಿಗೂ ಗಣಿತ ಅವರದ್ದೇ ಅಂತೆ. ಬನ್ಸ್ ಬಂತು, ಚಹಾ ಬಂತು. ಪತ್ರ ಕೊಟ್ಟೆ. ನಿಧಾನಕ್ಕೆ ಓದಿದರು, ಎರಡು ಸಲ ಓದಿದ ಹಾಗೆ ಕಂಡಿತು.

‘ಇದು ಈಗ ಎಂತಕ್ಕೆ ಮೇಡಂ?’ ಅಂದರು.

ನಾನು ಏನೋ ಹೇಳಲು ಹೊರಟೆ. ಆಮೇಲೆ ಬಾಯಿ ಮುಚ್ಚಿದೆ. ಒಂದು, ಎರಡು, ಮೂರು.

‘ಆ ವರ್ಷ ದಿನಾ ಬಸ್ಸಿನಲ್ಲಿ ಕೂತು ಯೋಚನೆ ಮಾಡ್ತಿದ್ದೆ, ನನಗೆ ಕಲಿಸ್ಲಿಕ್ಕೆ ಬರುದಿಲ್ಲ ಅಂತ,’ ಅಂದರು. ‘ಬಿ.ಇಡಿ. ಮಾಡಿದ್ದೇ ತಪ್ಪು, ಬ್ಯಾಂಕ್ ಪರೀಕ್ಷೆಗೆ ಓದುವಾ ಅಂತ ಪುಸ್ತಕವೂ ತಗೊಂಡಿದ್ದೆ. ಅಮ್ಮ ಇನ್ನೊಂದು ವರ್ಷ ನೋಡು ಅಂದ್ರು.’ ಪತ್ರ ಮಡಚಿ ಬ್ಯಾಗಿನ ಒಳಗಿನ ಜಿಪ್ಪಿಗೆ ಹಾಕಿದರು. ಪರವಾಗಿಲ್ಲ ಅಂತ ಅವರು ಹೇಳಲಿಲ್ಲ. ಹೇಳಬೇಕು ಅಂತ ನಾನು ಕಾಯಲೂ ಇಲ್ಲ.

ಬಿಲ್ ಕೊಡಲಿಕ್ಕೆ ಎದ್ದಾಗ ಹೊರಗೆ ಮಳೆ ಜೋರಾಯಿತು. ಹೋಟೆಲಿನ ಎದುರಿನ ಶೀಟಿನ ಮೇಲೆ ಅದೇ ಸದ್ದು. ಇಬ್ಬರೂ ಮೇಲೆ ನೋಡಿದೆವು.

‘ಶೀಟ್ ತೆಗೆಸಿದ್ರಾ?’ ಅಂತ ಜೋರಾಗಿ ಕೇಳಿದರು.

‘ಇನ್ನೂ ಇಲ್ಲ,’ ಅಂತ ನಾನೂ ಜೋರಾಗಿಯೇ ಹೇಳಿದೆ. ‘ಎಸ್ಟಿಮೇಟ್ ಆಗಿದೆ.’